ಕುಸಿದ ಪಾಯವನ್ನು ಎತ್ತುವುದು ಹೇಗೆ? ಎರಿ ಮಣ್ಣಿನ ಊರುಗಳ ಮನೆಯವರಿಗೆ ಒಂದು ವಿವರಣೆ

ಇಡೀ ಮನೆಯನ್ನು ನೂರಾರು ಜಾಕಿಗಳ ಮೇಲೆ ನಿಲ್ಲಿಸಿ ಮೂರು ನಾಲ್ಕು ಅಡಿ ಮೇಲಕ್ಕೆತ್ತುವ ವಿಡಿಯೊಗಳು ಈಗ ಎಲ್ಲರ ಮೊಬೈಲಿಗೂ ಬರುತ್ತಿವೆ. ಕಾಂಕ್ರೀಟ್ ನೆಲಕ್ಕೆ ಬೆರಳುಗಾತ್ರದ ತೂತು ಕೊರೆದು, ಅದರೊಳಗೆ ರಾಸಾಯನಿಕ ನೊರೆ ತುಂಬಿ, ಕುಸಿದ ನೆಲವನ್ನು ಕಣ್ಣೆದುರೇ ಸಮ ಮಾಡಿ ತೋರಿಸುವ ಜಾಹೀರಾತುಗಳೂ ಬರುತ್ತಿವೆ. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ, ಬೆಳಗಾವಿ ಜಿಲ್ಲೆಯ ಪೂರ್ವ ಭಾಗದ ತಾಲ್ಲೂಕುಗಳಲ್ಲಿ, ಗೋಡೆ ಸೀಳಿದ, ಬೇಸಿಗೆಯಲ್ಲಿ ಒಂದು ಬಾಗಿಲು ಹಿಡಿದುಕೊಂಡರೆ ಮಳೆಗಾಲದಲ್ಲಿ ಇನ್ನೊಂದು ಹಿಡಿದುಕೊಳ್ಳುವ ಮನೆಗಳಿಗೆ ಕೊರತೆಯಿಲ್ಲ. ಅಂಥ ಮನೆಯವರು ಈ ವಿಡಿಯೊ ನೋಡಿದಾಗ ನಮ್ಮ ಮನೆಗೂ ಇದನ್ನು ಮಾಡಿಸಬಹುದೇ ಎಂದು ಕೇಳುವುದು ಸಹಜ. ಮಾಡಿಸಬಹುದು. ಆದರೆ ಯಾವ ಮನೆಗೆ ಯಾವ ವಿಧಾನ ಎಂಬುದು ಕುಸಿದ ಭಾಗ ಯಾವುದು, ಅದು ಏಕೆ ಕುಸಿಯಿತು, ಈಗಲೂ ಕುಸಿಯುತ್ತಿದೆಯೇ ಎಂಬ ಮೂರು ಸಂಗತಿಗಳ ಮೇಲೆ ನಿಲ್ಲುತ್ತದೆ. ಅವು ತಿಳಿಯದೆ ಎತ್ತಿಸಿದ ಮನೆ ಒಂದೆರಡು ಮಳೆಗಾಲಗಳಲ್ಲಿ ಮತ್ತೆ ಬಿರುಕು ಬಿಡುವ ಸಂಭವವೇ ಹೆಚ್ಚು.

ಪಾಯ ಎಂದರೇನು, ಕುಸಿತ ಎಂದರೇನು

ಮನೆಯ ಭಾರವನ್ನು ಗೋಡೆ ಅಥವಾ ಕಾಲಂಗಳಿಂದ ಪಡೆದು ನೆಲಕ್ಕೆ ಹಂಚುವ, ಮಣ್ಣಿನೊಳಗೆ ಹುದುಗಿರುವ ಭಾಗವೇ ಪಾಯ. ಅದು ಗೋಡೆಯುದ್ದಕ್ಕೂ ಕಟ್ಟಿದ ಕಲ್ಲಿನ ಪಾಯವಾಗಿರಬಹುದು, ಪ್ರತಿ ಕಾಲಂನ ಕೆಳಗೆ ಹಾಕಿದ ಕಾಂಕ್ರೀಟ್ ಫೂಟಿಂಗ್ ಆಗಿರಬಹುದು, ಅಥವಾ ಇಡೀ ಮನೆಗೆ ಒಂದೇ ಹಾಸಾಗಿ ಹಾಕಿದ ರ‍್ಯಾಫ್ಟ್ ಆಗಿರಬಹುದು. ನಮ್ಮ ಕಡೆ ಮೊದಲಿನ ಎರಡು ಬಗೆಗಳೇ ಹೆಚ್ಚು.

ಯಾವ ಮನೆಯೂ ಕಟ್ಟಿದ ಮೇಲೆ ಸ್ವಲ್ಪವಾದರೂ ಕೂರುತ್ತದೆ. ಇಡೀ ಮನೆ ಸಮನಾಗಿ ಒಂದು ಅಂಗುಲ ಕೆಳಗಿಳಿದರೆ ಗೋಡೆಗೆ ಏನೂ ಆಗುವುದಿಲ್ಲ. ಹೆಚ್ಚೆಂದರೆ ಮನೆಯಿಂದ ಹೊರಗೆ ಹೋಗುವ ಪೈಪುಗಳ ಜೋಡಣೆ ಸಡಿಲವಾಗಬಹುದು. ಒಂದು ಮೂಲೆ ನಿಂತಲ್ಲೇ ನಿಂತು ಇನ್ನೊಂದು ಮೂಲೆ ಇಳಿದಾಗ ಮಾತ್ರ ತೊಂದರೆ. ಇದನ್ನು ಅಸಮ ಕುಸಿತ ಎನ್ನುತ್ತಾರೆ. ಎರಡು ಬಿಂದುಗಳ ನಡುವಿನ ದೂರದ ಮುನ್ನೂರನೇ ಒಂದು ಭಾಗದಷ್ಟು ಏರುಪೇರಾದರೆ ಗೋಡೆಗಳಲ್ಲಿ ಬಿರುಕು ಕಾಣಿಸಿಕೊಳ್ಳಲು ತೊಡಗುತ್ತದೆ ಎಂಬುದು ಎಂಜಿನಿಯರುಗಳು ಬಹುಕಾಲದಿಂದ ಬಳಸುತ್ತ ಬಂದಿರುವ ಅಂದಾಜು. ಲೆಕ್ಕ ಹಾಕಿದರೆ, ಹತ್ತು ಅಡಿಯ ಗೋಡೆಯಲ್ಲಿ ಕೇವಲ 10 ಮಿ.ಮೀ. ಸಾಕು. ನೂರೈವತ್ತನೇ ಒಂದು ಭಾಗಕ್ಕೆ ಮುಟ್ಟಿದರೆ ಕಟ್ಟಡದ ಬಲಕ್ಕೇ ಧಕ್ಕೆ ಎಂದು ತಿಳಿಯಬೇಕು.

ಹಿರಿಯರ ಕಾಲದ ಮಣ್ಣಿನ ಗಾರೆಯ ಮನೆಗಳು ಇದೇ ನೆಲದ ಮೇಲೆ ತಲೆಮಾರುಗಟ್ಟಲೆ ನಿಂತಿದ್ದವಲ್ಲ, ಇಂದಿನ ಸಿಮೆಂಟಿನ ಮನೆ ಏಕೆ ಹತ್ತೇ ವರ್ಷಕ್ಕೆ ಸೀಳುತ್ತದೆ ಎಂದು ಹಲವರು ಕೇಳುತ್ತಾರೆ. ಬಿಸಿ ರೊಟ್ಟಿಯನ್ನು ಬಟ್ಟಲಿನ ಅಂಚಿನ ಮೇಲೆ ಹಾಕಿದರೆ ಅದು ಅಂಚಿಗೆ ತಕ್ಕಂತೆ ಬಾಗುತ್ತದೆ. ಖಡಕ್ ರೊಟ್ಟಿಯನ್ನು ಹಾಗೆಯೇ ಇಟ್ಟು ಒತ್ತಿದರೆ ಪಟ್ಟನೆ ಮುರಿಯುತ್ತದೆ. ಮಣ್ಣಿನ ಅಥವಾ ಸುಣ್ಣದ ಗಾರೆಯ ಗೋಡೆ ಸಣ್ಣಪುಟ್ಟ ಚಲನೆಯನ್ನು ತನ್ನ ಸಂದುಗಳಲ್ಲಿಯೇ ನುಂಗಿಕೊಳ್ಳುತ್ತದೆ. ಸಿಮೆಂಟ್ ಗಾರೆಯ ಗೋಡೆ ಹೆಚ್ಚು ಬಲವಾದದ್ದು, ಆದರೆ ಬಾಗಲಾರದು.

ಎರಿ ಮಣ್ಣು ಮನೆಗೆ ಏನು ಮಾಡುತ್ತದೆ

‘ಡೋಣಿ ಹರಿದರೆ ಓಣೆಲ್ಲ ಕಾಳು’ ಎಂಬ ಮಾತು ವಿಜಯಪುರದ ಕಡೆ ಎಲ್ಲರಿಗೂ ಗೊತ್ತು. ಡೋಣಿ ನದಿಯ ದಂಡೆಯ ಎರಿ ಭೂಮಿ, ಅಂದರೆ ಕಪ್ಪು ಜೇಡಿ ಮಣ್ಣಿನ ನೆಲ, ಒಮ್ಮೆ ಕುಡಿದ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟು, ಹಿಂಗಾರಿ ಜೋಳವನ್ನೂ ಕಡಲೆಯನ್ನೂ ಬೆಳೆಸುತ್ತದೆ. ಬೆಳೆಗೆ ವರವಾದ ಆ ಗುಣವೇ ಪಾಯಕ್ಕೆ ಶತ್ರು. ದಖ್ಖನ್ನಿನ ಕಪ್ಪು ಬಸಾಲ್ಟ್ ಶಿಲೆ ಶಿಥಿಲವಾಗಿ ಆದ ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಇರುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಹಾಳೆಗಳು ಒಂದರ ಮೇಲೊಂದು ಕೂತಂತೆ ಅದರ ರಚನೆ. ನೀರು ಆ ಹಾಳೆಗಳ ನಡುವೆ ನುಗ್ಗಿದಾಗ ಮಣ್ಣು ಹಿಗ್ಗುತ್ತದೆ, ನೀರು ಆರಿದಾಗ ಕುಗ್ಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಬಾಯಿಬಿಡುವ ಬಿರುಕುಗಳು ಮುಂಗಾರಿನ ನಂತರ ಗುರುತು ಸಿಗದಂತೆ ಮುಚ್ಚಿಕೊಳ್ಳುವುದು ಇದರಿಂದಲೇ.

ಋತುವಿನೊಂದಿಗೆ ಹೀಗೆ ಉಸಿರಾಡುವ ಮಣ್ಣಿನ ಆಳ ಎರಿ ಭೂಮಿಯಲ್ಲಿ ಸುಮಾರು ಮೂರೂವರೆ ಮೀಟರ್, ಅಂದರೆ ಹನ್ನೊಂದು ಹನ್ನೆರಡು ಅಡಿ ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ಅದರ ಕೆಳಗಿನ ಮಣ್ಣಿನಲ್ಲಿ ತೇವಾಂಶ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ನಾಲ್ಕೈದು ಅಡಿಗೆ ನಿಲ್ಲಿಸಿದ ಪಾಯ ಈ ಚಲಿಸುವ ಪದರದ ಮಧ್ಯದಲ್ಲಿಯೇ ಕೂತಿರುತ್ತದೆ. ಇದಕ್ಕೆ ತೀರ ವಿರುದ್ಧವಾದ ಉದಾಹರಣೆಯೂ ವಿಜಯಪುರದಲ್ಲಿಯೇ ಇದೆ: 1656ರ ಹೊತ್ತಿಗೆ ಮುಗಿದ ಗೋಳಗುಮ್ಮಟದ ಪಾಯ ನೇರವಾಗಿ ಬಂಡೆಯ ಮೇಲೆ ಕೂತಿರುವುದರಿಂದ, ಅಷ್ಟು ಭಾರದ ಕಟ್ಟಡವೂ ಅಸಮವಾಗಿ ಕುಸಿಯಲಿಲ್ಲ.

ಹಿಗ್ಗುವ ಮಣ್ಣಿನ ಬಲ ಸಣ್ಣದಲ್ಲ. ಎರಿ ಮಣ್ಣು ಮೇಲಕ್ಕೆ ಒತ್ತುವ ಒತ್ತಡ ಹಲವು ಕಡೆ ಚದರ ಮೀಟರಿಗೆ 10 ಟನ್ನಿಗೂ ಮೀರುತ್ತದೆ. ಒಂದಂತಸ್ತಿನ ಮನೆಯ ಗೋಡೆಯ ಪಾಯ ಕೆಳಕ್ಕೆ ಒತ್ತುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಟೈಲ್ಸ್ ಹಾಕಿದ ನೆಲವಂತೂ ಚದರ ಮೀಟರಿಗೆ ಅರ್ಧ ಟನ್ನೂ ಒತ್ತುವುದಿಲ್ಲ. ಆದ್ದರಿಂದ ಎರಿ ಭೂಮಿಯಲ್ಲಿ ಭಾರಿ ಕಟ್ಟಡಕ್ಕಿಂತ ಹಗುರ ಮನೆಗೇ ಹೆಚ್ಚು ಪೆಟ್ಟು, ಗೋಡೆಗಿಂತ ನೆಲಕ್ಕೆ ಮೊದಲ ಪೆಟ್ಟು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮನೆ ಕಟ್ಟಿದ ಮೇಲೆ ಅದರ ನಡುಭಾಗದ ಮಣ್ಣಿಗೆ ಬಿಸಿಲು ತಾಗುವುದಿಲ್ಲ. ಕೆಳಗಿನಿಂದ ಏರಿ ಬರುವ ತೇವ ಆವಿಯಾಗಿ ಹೋಗಲು ದಾರಿಯಿಲ್ಲದೆ ಅಲ್ಲಿಯೇ ಸೇರುತ್ತ ಹೋಗುತ್ತದೆ. ಅಂಚಿನ ಮಣ್ಣು ಮಾತ್ರ ಬೇಸಿಗೆಯಲ್ಲಿ ಒಣಗಿ, ಮಳೆಯಲ್ಲಿ ನೆನೆಯುತ್ತದೆ. ಕೆಲವು ವರ್ಷಗಳಲ್ಲಿ ನಡುಭಾಗ ಉಬ್ಬಿ, ಅಂಚು ಬೇಸಿಗೆಗೊಮ್ಮೆ ಇಳಿಯುತ್ತದೆ. ಮನೆಯವರು ಇದನ್ನು ‘ಮೂಲೆ ಕುಸಿದಿದೆ’ ಎಂದು ಹೇಳುತ್ತಾರೆ. ನಿಜವಾಗಿ ಆಗಿರುವುದು ಮೂಲೆಯ ಕುಸಿತವೋ, ನಡುವಿನ ಉಬ್ಬೋ ಎಂಬುದನ್ನು ಬಿರುಕು ನೋಡಿ ಮಾತ್ರ ಹೇಳಲಾಗದು.

ಮಣ್ಣು ಒಂದೇ ಕಾರಣವಲ್ಲ. ಹಳೆಯ ಊರುಗಳ ಓಣಿಗಳಲ್ಲಿ ನೆಲದಡಿ ಕಾಳು ತುಂಬಿಡುತ್ತಿದ್ದ ಹಗೇವುಗಳು ಎಷ್ಟೋ ಕಡೆ ಸರಿಯಾಗಿ ತುಂಬಿಸದೆ ಮುಚ್ಚಿಹೋಗಿವೆ. ಮೇಲೆ ಮನೆ ಎದ್ದು, ಒಳಗೆ ಬಚ್ಚಲ ನೀರು ಇಳಿದಾಗ ನೆಲ ಏಕಾಏಕಿ ಕುಸಿಯುತ್ತದೆ. ಆಲಮಟ್ಟಿ ಹಿನ್ನೀರಿನ ಅಂಚಿನ ಊರುಗಳಲ್ಲಿ ಜಲಾಶಯದೊಂದಿಗೆ ಅಂತರ್ಜಲವೂ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಬೆಳಗಾವಿ ಜಿಲ್ಲೆಯ ಪಶ್ಚಿಮದ ಕೆಂಪು ಮುರಕಲ್ಲಿನ ನೆಲ ಎರಿಯಂತೆ ಹಿಗ್ಗುವುದಿಲ್ಲ. ಅಲ್ಲಿ ಕಾಣುವುದು ಹೆಚ್ಚಾಗಿ ತಗ್ಗು ತುಂಬಿಸಿ ಮಾಡಿದ ಪ್ಲಾಟುಗಳ ಸಡಿಲ ಮಣ್ಣು ದೊಡ್ಡ ಮಳೆಗೆ ಕೂರುವ ತೊಂದರೆ. 2019ರ ಆಗಸ್ಟ್‌ನಂಥ ಪ್ರವಾಹದಲ್ಲಿ ದಿನಗಟ್ಟಲೆ ನೀರಲ್ಲಿ ನಿಂತ ಮನೆಗಳ ಕಥೆ ಇವೆರಡಕ್ಕಿಂತಲೂ ಬೇರೆ, ಏಕೆಂದರೆ ಅಲ್ಲಿ ನೀರು ಇಳಿಯುವಾಗ ಪಾಯದ ಪಕ್ಕದ ನುಣ್ಣನೆಯ ಮಣ್ಣನ್ನೂ ಕೊಚ್ಚಿಕೊಂಡು ಹೋಗಿರುತ್ತದೆ.

ಬಿರುಕನ್ನು ಓದುವುದು, ಮಟ್ಟವನ್ನು ಅಳೆಯುವುದು

ಎಲ್ಲ ಬಿರುಕೂ ಪಾಯದ್ದಲ್ಲ. ಪ್ಲಾಸ್ಟರ್ ಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆಯ ಗೆರೆಗಳು ಸಿಮೆಂಟ್ ಒಣಗುವಾಗ ಆದವು. ಛತ್ತಿನ ಕೆಳಗೆ ಗೋಡೆಯುದ್ದಕ್ಕೂ ಅಡ್ಡಲಾಗಿ ಬರುವ ಬಿರುಕು ಬಹುಮಟ್ಟಿಗೆ ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿ ಕುಗ್ಗಿದ್ದರಿಂದ ಬಂದದ್ದು. ಕಿಟಕಿ ಅಥವಾ ಬಾಗಿಲಿನ ಮೂಲೆಯಿಂದ ಓರೆಯಾಗಿ, ಇಟ್ಟಿಗೆಯ ಸಂದು ಹಿಡಿದು ಮೆಟ್ಟಿಲಿನಂತೆ ಏರುವ ಬಿರುಕೇ ಪಾಯದ ಚಲನೆಯ ಗುರುತು.

ಆ ಓರೆ ಬಿರುಕು ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿದ್ದರೆ ಗೋಡೆಯ ತುದಿ ಇಳಿದಿದೆ, ಇಲ್ಲವೇ ನಡು ಎದ್ದಿದೆ. ಕೆಳಗೆ ಅಗಲವಾಗಿ ಮೇಲೆ ಕಿರಿದಾಗಿದ್ದರೆ ನಡು ಇಳಿದಿದೆ, ಇಲ್ಲವೇ ತುದಿಗಳು ಎದ್ದಿವೆ. ಅಗಲವೂ ಮುಖ್ಯ. ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆಯ ವರ್ಗೀಕರಣವನ್ನು ಬಹಳ ದೇಶಗಳ ಎಂಜಿನಿಯರುಗಳು ಅನುಸರಿಸುತ್ತಾರೆ: ಸುಮಾರು 5 ಮಿ.ಮೀ.ವರೆಗಿನ ಬಿರುಕು ತುಂಬಿ ಬಣ್ಣ ಹಚ್ಚಿದರೆ ಮುಗಿಯುವಂಥದ್ದು. 5ರಿಂದ 15 ಮಿ.ಮೀ. ಆದರೆ ಬಾಗಿಲು ಕಿಟಕಿಗಳು ಹಿಡಿದುಕೊಳ್ಳುತ್ತವೆ, ಒಂದಿಷ್ಟು ಇಟ್ಟಿಗೆ ಕೆಲಸ ಬಿಚ್ಚಿ ಕಟ್ಟಬೇಕಾಗುತ್ತದೆ, 15ರಿಂದ 25 ಗಂಭೀರ, 25 ಮಿ.ಮೀ. ಮೀರಿದರೆ ಗೋಡೆಯ ಸ್ಥಿರತೆಯೇ ಪ್ರಶ್ನೆ, ಅಂಥ ಕೋಣೆಯಲ್ಲಿ ಮಲಗಬಾರದು.

ಬಿರುಕು ನಿಂತಿದೆಯೋ ಬೆಳೆಯುತ್ತಿದೆಯೋ ಎಂದು ತಿಳಿಯಲು ಗೌಂಡಿಗಳು ಬಳಸುವ ಹಳೆಯ ಉಪಾಯ ಇಂದಿಗೂ ಒಳ್ಳೆಯದು. ಪ್ಲಾಸ್ಟರ್ ಕೆತ್ತಿ, ಬಿರುಕಿನ ಎರಡೂ ಬದಿಗೆ ಹಿಡಿಯುವಂತೆ ತೆಳು ಗಾಜಿನ ಪಟ್ಟಿಯೊಂದನ್ನು ಸಿಮೆಂಟಿನಿಂದ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯುತ್ತಾರೆ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಆದರೆ ಗಾಜು ಒಡೆದದ್ದನ್ನು ಹೇಳುತ್ತದೆಯೇ ಹೊರತು ಎಷ್ಟು ಸರಿಯಿತೆಂದು ಹೇಳುವುದಿಲ್ಲ. ಬಿರುಕಿನ ಎರಡೂ ಬದಿಗೆ ಒಂದೊಂದು ಸಣ್ಣ ಮೊಳೆ ಹೊಡೆದು, ಅವುಗಳ ನಡುವಿನ ಅಂತರವನ್ನು ತಿಂಗಳಿಗೊಮ್ಮೆ ಅಳೆದು ಬರೆದಿಟ್ಟರೆ ಅದೂ ಸಿಗುತ್ತದೆ.

ನೆಲದ ಮಟ್ಟ ಅಳೆಯಲು ಲೇಸರ್ ಯಂತ್ರ ಬೇಕೆಂದಿಲ್ಲ, ಗೌಂಡಿಯ ಲೆವೆಲ್ ಪೈಪೇ ಸಾಕು. ಪಾರದರ್ಶಕ ಪೈಪಿಗೆ ಗುಳ್ಳೆಗಳಿಲ್ಲದಂತೆ ನೀರು ತುಂಬಿ, ಒಂದು ತುದಿಯನ್ನು ಸ್ಥಿರವಾದ ಒಂದು ಗುರುತಿಗೆ ಹಿಡಿದು, ಇನ್ನೊಂದು ತುದಿಯನ್ನು ಕೋಣೆಯಿಂದ ಕೋಣೆಗೆ ಒಯ್ಯಬೇಕು. ನೀರು ಓಲಾಡುವುದು ನಿಂತ ಮೇಲೆ, ಕಣ್ಣನ್ನು ನೀರಿನ ಮಟ್ಟಕ್ಕೇ ತಂದು, ನೀರಿನಿಂದ ನೆಲಕ್ಕೆ ಎಷ್ಟು ಅಂತರವಿದೆ ಎಂದು ಟೇಪಿನಿಂದ ಅಳೆದು, ಮನೆಯ ನಕ್ಷೆಯ ಮೇಲೆ ಆಯಾ ಜಾಗದಲ್ಲಿಯೇ ಬರೆದುಕೊಳ್ಳಬೇಕು. ಎರಡು ಮೂರು ಮಿ.ಮೀ. ನಿಖರತೆ ಇದರಿಂದ ಸಿಗುತ್ತದೆ. ಆ ಸ್ಥಿರ ಗುರುತು ಎಲ್ಲಿರಬೇಕೆಂಬುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಮನೆಯೊಳಗಿನ ಕಾಲಂ ಮೇಲೆ ಗುರುತು ಮಾಡಿದರೆ ಮನೆಯೊಂದಿಗೆ ಗುರುತೂ ಚಲಿಸುತ್ತದೆ; ಅಂಗಳದ ವಿದ್ಯುತ್ ಕಂಬವೂ ಅದೇ ಮಣ್ಣಿನಲ್ಲಿ ನಿಂತಿರುತ್ತದೆ. ಬೋರಿನ ಕೇಸಿಂಗ್ ಪೈಪು ಬಂಡೆಯವರೆಗೆ ಇಳಿದಿರುವುದರಿಂದ ನಮ್ಮ ಕಡೆ ಅದು ಹೆಚ್ಚು ನಂಬಿಕೆಗೆ ಅರ್ಹ. ಕೇಸಿಂಗ್‌ನಿಂದ ಅಳೆದಾಗ ಮೂಲೆ ಕೆಳಗಿಳಿದಿದೆಯೋ ನಡು ಮೇಲೆದ್ದಿದೆಯೋ ಎಂಬ ಸಂಶಯ ಬಗೆಹರಿಯುತ್ತದೆ.

ಈ ಅಳತೆಯನ್ನು ಒಂದೇ ಸಲ ಮಾಡಿ ಬಿಡುವಂತಿಲ್ಲ. ಮೇ ಕೊನೆಯಲ್ಲಿ ಒಮ್ಮೆ, ಹಿಂಗಾರು ಮಳೆ ಮುಗಿದ ಮೇಲೆ ಒಮ್ಮೆ, ಮತ್ತೆ ಮುಂದಿನ ಮೇ ತಿಂಗಳಲ್ಲಿ ಒಮ್ಮೆ ಅಳೆದರೆ ಮನೆಯ ನಡವಳಿಕೆ ತಿಳಿಯುತ್ತದೆ. ಬೇಸಿಗೆಯಲ್ಲಿ ತೆರೆದು ಮಳೆಗಾಲದಲ್ಲಿ ಮುಚ್ಚುವ ಬಿರುಕು ಋತುವಿನದು. ಋತು ಯಾವುದೇ ಇರಲಿ ಒಂದೇ ದಿಕ್ಕಿಗೆ ಬೆಳೆಯುತ್ತ ಹೋಗುವ ಬಿರುಕು ಕುಸಿತದ್ದು. ಮೊದಲನೆಯದಕ್ಕೆ ಎತ್ತುವ ಕೆಲಸ ಬಹುತೇಕ ಬೇಕಾಗುವುದೇ ಇಲ್ಲ.

ಮೊದಲು ನೀರಿನ ಲೆಕ್ಕ

ಎರಿ ಮಣ್ಣು ಚಲಿಸುವುದು ತೇವಾಂಶ ಬದಲಾದಾಗ ಮಾತ್ರ. ಹಾಗಾಗಿ ಎತ್ತುವ ಯಾವುದೇ ವಿಧಾನಕ್ಕೆ ಮುನ್ನ ಪಾಯದ ಸುತ್ತಲಿನ ನೀರನ್ನು ಹತೋಟಿಗೆ ತರಬೇಕು, ಮತ್ತು ಇದೇ ಅತ್ಯಂತ ಅಗ್ಗದ ಕೆಲಸ. ಛತ್ತಿನ ನೀರು ಪೈಪಿನ ಮೂಲಕ ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ಅದನ್ನು ಗಟಾರದವರೆಗೆ ಒಯ್ಯಬೇಕು. ಬಚ್ಚಲ ಪೈಪು, ನೀರಿನ ಸಂಪು, ಸೆಪ್ಟಿಕ್ ಟ್ಯಾಂಕುಗಳಲ್ಲಿ ಸೋರಿಕೆಯಿದೆಯೇ ಎಂದು ನೋಡಬೇಕು. ಸಂಪಿನ ನೀರಿನ ಮಟ್ಟಕ್ಕೆ ಸಂಜೆ ಗುರುತು ಹಾಕಿ, ರಾತ್ರಿ ನೀರು ಬಳಸದೆ ಬೆಳಿಗ್ಗೆ ನೋಡಿದರೆ ಗೊತ್ತಾಗುತ್ತದೆ. ಇಂಗುಗುಂಡಿ ಪಾಯದ ಪಕ್ಕದಲ್ಲಿಯೇ ಇದ್ದರೆ ದೂರಕ್ಕೆ ಸರಿಸುವುದು ಲೇಸು.

ಮನೆಯ ಸುತ್ತ ಒಂದೂವರೆಯಿಂದ ಎರಡು ಮೀಟರ್ ಅಗಲದ, ಹೊರಗೆ ಇಳಿಜಾರಿರುವ ಕಾಂಕ್ರೀಟ್ ಅಥವಾ ಪರಸಿ ಕಲ್ಲಿನ (ಚಪ್ಪಡಿ) ಹಾಸು ಹಾಕಿದರೆ ಅಂಚಿನ ಮಣ್ಣು ಬಿಸಿಲಿಗೆ ಒಣಗುವುದೂ ಮಳೆಗೆ ನೆನೆಯುವುದೂ ಕಡಿಮೆಯಾಗುತ್ತದೆ. ಹಾಸಿನ ಕೆಳಗೆ ಉಸುಕು ತುಂಬುವುದು ವಾಡಿಕೆಯಾದರೂ ಎರಿ ಭೂಮಿಯಲ್ಲಿ ಅದು ತಪ್ಪು. ಸುತ್ತಲಿನ ಜೇಡಿ ನೀರು ಬಿಡದಿರುವಾಗ ಉಸುಕಿನ ಪದರ ನೀರು ನಿಲ್ಲುವ ತೊಟ್ಟಿಯಾಗುತ್ತದೆ. ತುಸು ಜಿಗುಟಿರುವ, ಆದರೆ ಹಿಗ್ಗದ ಗರಸನ್ನು (ಸಣ್ಣ ಕಲ್ಲು ಬೆರೆತ ಒರಟು ಮಣ್ಣು) ತೆಳು ಪದರಗಳಲ್ಲಿ ಹಾಕಿ ದಮ್ಮಸ್ಸು ಮಾಡಬೇಕು. ಹಿಗ್ಗದ ಜಿಗುಟು ಮಣ್ಣಿನ ಪದರ ಎರಿಯ ಉಬ್ಬನ್ನು ತಡೆಯುತ್ತದೆ ಎಂಬುದನ್ನು ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಅವರ ಸಂಶೋಧನೆ ತೋರಿಸಿಕೊಟ್ಟಿತು. ಮಲಪ್ರಭಾ ಯೋಜನೆಯ ಕಾಲುವೆಯ ಕೆಲಸದಲ್ಲಿ ಅದು ಬಳಕೆಗೂ ಬಂತು.

ಮರಗಳ ವಿಷಯದಲ್ಲಿ ಅವಸರ ಕೂಡದು. ಪಾಯದ ಹತ್ತಿರದ ಬೇವು ಅಥವಾ ಅರಳಿ ಬೇಸಿಗೆಯಲ್ಲಿ ಮಣ್ಣಿನ ತೇವ ಹೀರಿ ಆ ಬದಿಯನ್ನು ಕುಗ್ಗಿಸುವುದು ನಿಜ. ಆದರೆ ಬಲಿತ ಮರವನ್ನು ಒಂದೇ ಏಟಿಗೆ ಕಡಿದರೆ, ಅದು ಹೀರುತ್ತಿದ್ದ ನೀರೆಲ್ಲ ಮಣ್ಣಿನಲ್ಲಿಯೇ ಉಳಿದು, ಅದುವರೆಗೆ ಕುಗ್ಗಿದ್ದ ನೆಲ ಉಬ್ಬಲು ತೊಡಗುತ್ತದೆ. ಟೊಂಗೆಗಳನ್ನು ಹಂತಹಂತವಾಗಿ ಸವರುವುದು ಸುರಕ್ಷಿತ.

ನೆಲವನ್ನು ಮಾತ್ರ ಎತ್ತುವ ವಿಧಾನಗಳು

ಗೋಡೆಗಳು ನೆಟ್ಟಗಿದ್ದು ಕೋಣೆಯ ನೆಲ ಮಾತ್ರ ತಗ್ಗಾಗಿದ್ದರೆ ಪಾಯಕ್ಕೆ ಏನೂ ಆಗಿಲ್ಲ, ನೆಲದ ಕೆಳಗಿನ ತುಂಬುಮಣ್ಣು ಕೂತಿದೆ ಎಂದರ್ಥ. ಕಾಂಕ್ರೀಟ್ ಹಾಸಿನ ನೆಲವಾದರೆ ಅದನ್ನು ಒಡೆಯದೆ ಎತ್ತಲು ಎರಡು ದಾರಿಗಳಿವೆ.

ಹಳೆಯದು ಗಾರೆ ತುಂಬಿ ಎತ್ತುವುದು. ಒಂದೂವರೆ ಎರಡು ಅಂಗುಲದ ತೂತುಗಳನ್ನು ನಾಲ್ಕೈದು ಅಡಿಗೊಂದರಂತೆ ಕೊರೆದು, ಸಿಮೆಂಟ್, ನುಣುಪಾದ ಮಣ್ಣು ಮತ್ತು ನೀರು ಬೆರೆಸಿದ ಗಾರೆಯನ್ನು ಪಂಪಿನಿಂದ ಒತ್ತುತ್ತಾರೆ. ಗಾರೆ ಮೊದಲು ಪೊಳ್ಳು ತುಂಬುತ್ತದೆ, ಆಮೇಲೆ ಹೋಗಲು ಜಾಗವಿಲ್ಲದೆ ಹಾಸನ್ನು ಮೇಲಕ್ಕೆ ತಳ್ಳುತ್ತದೆ. ಹೊಸದು ಪಾಲಿಯುರಿಥೇನ್ ನೊರೆ. ಎರಡು ದ್ರವಗಳು ಕೊಳವೆಯ ಬಾಯಲ್ಲಿ ಬೆರೆತು, ಸುಮಾರು 16 ಮಿ.ಮೀ. ತೂತಿನೊಳಗೆ ಹೋಗಿ, ಸೆಕೆಂಡುಗಳಲ್ಲಿ ಹಲವು ಪಟ್ಟು ಹಿಗ್ಗಿ, ನಿಮಿಷಗಳಲ್ಲಿ ಗಟ್ಟಿಯಾಗುತ್ತವೆ. ಗಾರೆಗೆ ಹೋಲಿಸಿದರೆ ನೊರೆಯ ಭಾರ ಏನೇನೂ ಅಲ್ಲ, ಆದ್ದರಿಂದ ಕೆಳಗಿನ ದುರ್ಬಲ ಮಣ್ಣಿನ ಮೇಲೆ ಹೊಸ ಹೊರೆ ಬೀಳುವುದಿಲ್ಲ. ಬೆಲೆ ಗಾರೆಗಿಂತ ಹೆಚ್ಚು. ಹೆಚ್ಚು ತುಂಬಿದರೆ ಎದ್ದ ನೆಲವನ್ನು ಮತ್ತೆ ಇಳಿಸಲು ಬರುವುದಿಲ್ಲ. ಕೆಳಗೆ ಒಡೆದ ಪೈಪಿದ್ದರೆ ನೊರೆ ಅದರೊಳಗೂ ನುಗ್ಗುತ್ತದೆ. ಮುಖ್ಯವಾಗಿ, ನೊರೆಯಾಗಲಿ ಗಾರೆಯಾಗಲಿ ಎರಿ ಮಣ್ಣು ಹಿಗ್ಗುವುದನ್ನು ನಿಲ್ಲಿಸುವುದಿಲ್ಲ. ಮೇ ತಿಂಗಳಲ್ಲಿ ಮಣ್ಣು ಪೂರ್ತಿ ಕುಗ್ಗಿದಾಗ ನೆಲವನ್ನು ಸಮ ಮಾಡಿಸಿದರೆ, ಸೆಪ್ಟೆಂಬರಿನಲ್ಲಿ ಮಣ್ಣು ಹಿಗ್ಗಿದಾಗ ಅದೇ ನೆಲ ದಿಬ್ಬವಾಗುತ್ತದೆ.

ಪರಸಿ ಕಲ್ಲಿನ ನೆಲಕ್ಕೆ ಈ ಎರಡೂ ಬೇಡ. ಬಿಡಿ ಕಲ್ಲುಗಳ ಕೆಳಗೆ ಒತ್ತಡ ಹಾಕಿದರೆ ಸಂದುಗಳಲ್ಲಿ ಹೊರಬರುತ್ತದೆಯೇ ಹೊರತು ನೆಲ ಏಳುವುದಿಲ್ಲ. ಕಲ್ಲು ಕಿತ್ತು, ಎರಡಡಿ ಎರಿ ತೆಗೆದು, ಗರಸು ತುಂಬಿ ದಮ್ಮಸ್ಸು ಮಾಡಿ, ಅದೇ ಕಲ್ಲು ಮತ್ತೆ ಹಾಸುವುದು ಅಗ್ಗವೂ ಹೌದು, ಬಾಳುವ ಕೆಲಸವೂ ಹೌದು.

ವಿದೇಶದ ವಿಡಿಯೊಗಳನ್ನು ನೋಡುವಾಗ ಒಂದು ವ್ಯತ್ಯಾಸ ನೆನಪಿರಬೇಕು. ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ನಮ್ಮ ಎರಿಯಂಥದೇ ಹಿಗ್ಗುವ ಮಣ್ಣಿದೆ, ಪಾಯ ದುರಸ್ತಿ ಅಲ್ಲಿ ದೊಡ್ಡ ಉದ್ಯಮ. ಆದರೆ ಅಲ್ಲಿನ ಮನೆಗಳು ಹೆಚ್ಚಾಗಿ ಹಗುರವಾದ ಮರದ ಚೌಕಟ್ಟಿನವು, ಇಡಿಯಾಗಿ ಒಂದೇ ಕಾಂಕ್ರೀಟ್ ಹಾಸಿನ ಮೇಲೆ ನಿಂತಂಥವು. ಹಾಸನ್ನು ಎತ್ತಿದರೆ ಮನೆಯೇ ಏಳುತ್ತದೆ. ನಮ್ಮ ಮನೆಗಳಲ್ಲಿ ನೆಲ ಬೇರೆ, ಗೋಡೆಯ ಪಾಯ ಬೇರೆ. ನೆಲ ಎತ್ತಿದರೆ ನೆಲ ಮಾತ್ರ ಏಳುತ್ತದೆ.

ಪಾಯಕ್ಕೆ ಹೊಸ ಆಧಾರ ಕೊಡುವುದು

ಗೋಡೆಯೇ ಇಳಿದಿದ್ದರೆ ಪಾಯದ ಕೆಳಗೆ ಕೆಲಸ ಮಾಡಬೇಕು. ಹಳೆಯ ಪಾಯದ ಅಡಿಯಲ್ಲಿ, ಇನ್ನೂ ಆಳದ ಗಟ್ಟಿ ನೆಲದವರೆಗೆ ಹೊಸ ಪಾಯ ಕಟ್ಟುವುದು ಇದರ ಮೂಲ ಉಪಾಯ. ಗೋಡೆಯುದ್ದಕ್ಕೂ ಒಮ್ಮೆಲೇ ಅಗೆದರೆ ಗೋಡೆ ಬೀಳುತ್ತದೆ. ಆದ್ದರಿಂದ ಗೋಡೆಯನ್ನು ಒಂದು ಒಂದೂವರೆ ಮೀಟರಿನ ತುಂಡುಗಳಾಗಿ ಗುರುತಿಸಿ, ಒಂದನ್ನು ಅಗೆದು, ಅಕ್ಕಪಕ್ಕದ ತುಂಡುಗಳನ್ನು ಮುಟ್ಟದೆ ದೂರದ ಇನ್ನೊಂದನ್ನು ಅಗೆಯುತ್ತಾರೆ. ಅಗೆದಲ್ಲಿ ಕಾಂಕ್ರೀಟ್ ಹಾಕಿ, ಹಳೆಯ ಪಾಯದ ತಳಕ್ಕೂ ಹೊಸ ಕಾಂಕ್ರೀಟಿನ ತಲೆಗೂ ನಡುವೆ ಎರಡು ಮೂರು ಅಂಗುಲ ಸಂದು ಬಿಡುತ್ತಾರೆ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಆ ಸಂದಿಗೆ ಅರೆತೇವದ ಸಿಮೆಂಟ್ ಗಾರೆಯನ್ನು ಸುತ್ತಿಗೆಯಿಂದ ಬಡಿದು ಬಿಗಿಯಾಗಿ ತುಂಬುತ್ತಾರೆ. ಈ ಸಂದನ್ನು ಸರಿಯಾಗಿ ತುಂಬದಿದ್ದರೆ ಹಳೆಯ ಪಾಯ ಹೊಸದರ ಮೇಲೆ ಕೂರಲು ಮತ್ತೆ ಇಳಿಯುತ್ತದೆ. ಇಡೀ ಕೆಲಸದ ಯಶಸ್ಸು ಈ ಎರಡಂಗುಲದಲ್ಲಿದೆ. ಇದೆಲ್ಲ ಮುಂದಿನ ಕುಸಿತವನ್ನು ತಡೆಯುತ್ತದೆ, ಇಳಿದದ್ದನ್ನು ಎತ್ತುವುದಿಲ್ಲ.

ಎತ್ತಲೂ ಬೇಕಾದರೆ ಉಕ್ಕಿನ ಕೊಳವೆಗಳನ್ನು ಬಳಸುತ್ತಾರೆ. ಪಾಯಕ್ಕೆ ಉಕ್ಕಿನ ಹಿಡಿಕೆ ಬಿಗಿದು, ಮನೆಯ ಭಾರವನ್ನೇ ಎದುರುಬಲವಾಗಿ ಬಳಸಿಕೊಂಡು, ಹೈಡ್ರಾಲಿಕ್ ಜಾಕಿಯಿಂದ ಕೊಳವೆಯನ್ನು ಗಟ್ಟಿ ನೆಲ ಸಿಗುವವರೆಗೆ ಇಳಿಸುತ್ತಾರೆ. ಎಲ್ಲ ಕೊಳವೆಗಳೂ ನಿಂತ ಮೇಲೆ ಅವುಗಳ ತಲೆಯ ಮೇಲೆ ಜಾಕಿಗಳನ್ನಿಟ್ಟು ಪಾಯವನ್ನು ನಿಧಾನವಾಗಿ ಎತ್ತುತ್ತಾರೆ. ಹಗುರ ಮನೆಗೆ ಎದುರುಬಲ ಸಾಲದಾದಾಗ, ತುದಿಗೆ ಸುರುಳಿ ಅಲಗುಗಳಿರುವ ಕಂಬವನ್ನು ಸ್ಕ್ರೂವಿನಂತೆ ತಿರುಗಿಸಿ ಇಳಿಸುವ ವಿಧಾನವಿದೆ. ಎರಡರಲ್ಲೂ ಕೊಳವೆ ಮೂರೂವರೆ ಮೀಟರಿನ ಚಲಿಸುವ ಪದರವನ್ನು ದಾಟಲೇಬೇಕು. ಹೊಸ ಮನೆ ಕಟ್ಟುವವರಿಗೆ ಇದೇ ತತ್ವದ ಅಗ್ಗದ ರೂಪವಾಗಿ ನೆಲದೊಳಗೆ ಇಳಿಸುವ, ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳಾದ ಅಂಡರ್‌ರೀಮ್ ಪೈಲ್‌ಗಳನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದೆ. ಭಾರತೀಯ ಮಾನಕ ಐಎಸ್ 2911ರ ಮೂರನೇ ಭಾಗ ಅವುಗಳ ಕುರಿತಾದದ್ದು.

ಜಾಕಿಯಿಂದ ಇಡೀ ಮನೆ ಎತ್ತುವುದು

ಮೊಬೈಲಿನಲ್ಲಿ ಹೆಚ್ಚು ಕಾಣುವ ಈ ವಿಧಾನದ ಉದ್ದೇಶ ಬಹುತೇಕ ಬೇರೆಯೇ. ರಸ್ತೆಯ ಮೇಲೆ ರಸ್ತೆ ಹಾಕುತ್ತ ಹೋಗಿ ಮನೆ ತಗ್ಗಿನಲ್ಲಿ ಉಳಿದು, ಮಳೆ ನೀರು ಹೊಸ್ತಿಲು ದಾಟಿದಾಗ ಮನೆಯನ್ನು ಎತ್ತರಕ್ಕೆ ಏರಿಸಲು ಇದನ್ನು ಮಾಡುತ್ತಾರೆ. 1850 ಮತ್ತು 60ರ ದಶಕಗಳಲ್ಲಿ ಅಮೆರಿಕದ ಶಿಕಾಗೊ ನಗರ ಚರಂಡಿ ವ್ಯವಸ್ಥೆಗಾಗಿ ತನ್ನ ಬೀದಿಗಳನ್ನು ಎತ್ತರಿಸಿದಾಗ ಇಟ್ಟಿಗೆಯ ದೊಡ್ಡ ಕಟ್ಟಡಗಳನ್ನೇ ಸ್ಕ್ರೂ ಜಾಕಿಗಳಿಂದ ಎತ್ತಿದ್ದರು. ಇಂದಿನ ಪದ್ಧತಿ ಮೂಲದಲ್ಲಿ ಅದೇ.

ನೆಲದ ಹಾಸು ತೆಗೆದು, ಗೋಡೆಯ ಬುಡವನ್ನು ಸ್ವಲ್ಪ ಸ್ವಲ್ಪವೇ ಒಡೆದು, ಅಲ್ಲೊಂದು ಜಾಕಿ, ಮೇಲೊಂದು ಕಬ್ಬಿಣದ ಚಾನೆಲ್ ಕೂರಿಸುತ್ತ ಸಾಗುತ್ತಾರೆ. ಕೊನೆಗೆ ಎಲ್ಲ ಗೋಡೆಗಳೂ ಪಾಯದಿಂದ ಬೇರ್ಪಟ್ಟು, ಬೆಸುಗೆ ಹಾಕಿದ ಚಾನೆಲ್‌ಗಳ ಚೌಕಟ್ಟಿನ ಮೂಲಕ ಜಾಕಿಗಳ ಮೇಲೆ ನಿಲ್ಲುತ್ತವೆ. ಮೇಸ್ತ್ರಿ ಸೀಟಿ ಊದಿದಂತೆ ಎಲ್ಲರೂ ತಮ್ಮ ತಮ್ಮ ಜಾಕಿಯನ್ನು ಒಂದೇ ಅಳತೆ ತಿರುಗಿಸುತ್ತಾರೆ. ಮನೆ ಏಳುವುದು ಮಿ.ಮೀ. ಲೆಕ್ಕದಲ್ಲಿ. ಬೇಕಾದ ಎತ್ತರ ಬಂದ ಮೇಲೆ ಜಾಕಿಗಳ ನಡುವೆ ಇಟ್ಟಿಗೆ ಕಟ್ಟಿ, ಅದು ಗಟ್ಟಿಯಾದಂತೆ ಒಂದೊಂದೇ ಜಾಕಿ ತೆಗೆದು ಆ ಜಾಗವನ್ನೂ ತುಂಬುತ್ತಾರೆ.

ಇಲ್ಲಿ ಗಮನಿಸಬೇಕಾದದ್ದು, ಜಾಕಿಗಳು ನಿಂತಿರುವುದು ಹಳೆಯ ಪಾಯದ ಮೇಲೆ. ಮನೆ ಎದ್ದಿತು, ಪಾಯ ಅಲ್ಲಿಯೇ ಉಳಿಯಿತು. ಎರಿ ಮಣ್ಣಿನಿಂದಾಗಿ ಕುಸಿಯುತ್ತಿದ್ದ ಪಾಯದ ಮೇಲೆ ಮನೆಯನ್ನು ಮೂರಡಿ ಎತ್ತಿದರೆ, ಹೊಸ ಗೋಡೆಯ ಭಾರವೂ ಸೇರಿಕೊಂಡು, ಕುಸಿತ ಮುಂದುವರಿಯುತ್ತದೆ. ನೀರು ನುಗ್ಗುವ ಮನೆಗೆ ಇದು ಒಳ್ಳೆಯ ಪರಿಹಾರ. ಕುಸಿಯುವ ಮನೆಗೆ, ಪಾಯದ ಕೆಲಸ ಜೊತೆಗಿಲ್ಲದಿದ್ದರೆ, ಪರಿಹಾರವೇ ಅಲ್ಲ. ಮಣ್ಣಿನ ಗಾರೆಯ ಹಳೆಯ ಕಲ್ಲುಗೋಡೆಗಳು, ಮಾಳಿಗೆ ಮನೆಗಳು ಇದಕ್ಕೆ ತಕ್ಕವಲ್ಲ. ಬುಡ ಒಡೆದಾಗ ಮೇಲಿನ ಕಲ್ಲುಗಳನ್ನು ಒಟ್ಟಿಗೆ ಹಿಡಿಯುವ ಬಂಧ ಅವುಗಳಲ್ಲಿ ಇರುವುದಿಲ್ಲ. ಪ್ಲಿಂತ್ ಬೀಮ್, ಅಂದರೆ ಪಾಯದ ಮೇಲೆ ಗೋಡೆಯ ಬುಡದುದ್ದಕ್ಕೂ ಹಾಯುವ ಕಾಂಕ್ರೀಟ್ ತೊಲೆ, ಇರುವ ಮನೆ ಎಲ್ಲಕ್ಕಿಂತ ಸುಲಭವಾಗಿ ಏಳುತ್ತದೆ.

ಎಷ್ಟು ಎತ್ತಬೇಕು, ಆಮೇಲೇನು

ಇಳಿದಷ್ಟನ್ನೂ ಎತ್ತಿಬಿಡಬೇಕು ಎಂದು ಮನೆಯವರು ಬಯಸುತ್ತಾರೆ, ಆದರೆ ಅನುಭವಿ ಎಂಜಿನಿಯರು ಅದಕ್ಕೆ ಒಪ್ಪುವುದಿಲ್ಲ. ವರ್ಷಾನುಗಟ್ಟಲೆ ನಿಧಾನವಾಗಿ ಇಳಿದ ಗೋಡೆ ಆ ಹೊಸ ಆಕಾರಕ್ಕೆ ಒಗ್ಗಿಕೊಂಡಿರುತ್ತದೆ, ಬಿರುಕುಗಳಲ್ಲಿ ಗಾರೆಯ ಪುಡಿ, ತುಂಬಿದ ಪುಟ್ಟಿ ಕೂತಿರುತ್ತದೆ. ಒಂದೇ ದಿನ ಅದನ್ನು ಹಿಂದಿನ ಆಕಾರಕ್ಕೆ ತಿರುಗಿಸಲು ಹೋದರೆ ಗಟ್ಟಿಯಿದ್ದ ಕಡೆ ಹೊಸ ಬಿರುಕು ಏಳುತ್ತದೆ. ಬಾಗಿಲುಗಳು ಸರಾಗವಾಗಿ ತೆರೆದು, ಮುಖ್ಯ ಬಿರುಕುಗಳು ಬಹುಪಾಲು ಮುಚ್ಚಿಕೊಂಡು, ಮುಂದಿನ ಚಲನೆ ನಿಂತರೆ ಕೆಲಸ ಮುಗಿದಂತೆ. ಪಾಯಗಳ ಕುರಿತಾದ ಭಾರತೀಯ ಮಾನಕ ಐಎಸ್ 1904 ಸಹ ಜೇಡಿ ಮಣ್ಣಿನ ಮೇಲಿನ ಬಿಡಿ ಫೂಟಿಂಗ್‌ಗಳಿಗೆ 75 ಮಿ.ಮೀ.ವರೆಗೆ ಒಟ್ಟು ಕುಸಿತವನ್ನು ಒಪ್ಪುತ್ತದೆ. ಅದು ಬಿಗಿಯಾಗಿ ಕಟ್ಟಿಹಾಕುವುದು ಅಸಮ ಕುಸಿತವನ್ನು.

ಗುತ್ತಿಗೆ ಕೊಡುವ ಮುನ್ನ ಮಣ್ಣಿನ ಪರೀಕ್ಷೆ ಮಾಡಿಸುವುದು ಅಗತ್ಯ. ಎರಿಯ ಪದರ ಎಷ್ಟು ಆಳವಿದೆ, ಗಟ್ಟಿ ಗರಸು ಅಥವಾ ಬಂಡೆ ಎಲ್ಲಿ ಸಿಗುತ್ತದೆ, ಮಣ್ಣಿನ ಹಿಗ್ಗುವ ಸೂಚ್ಯಂಕ (ನೀರಿನಲ್ಲಿ ಅದು ಶೇಕಡಾ ಎಷ್ಟು ಹಿಗ್ಗುತ್ತದೆ ಎಂಬ ಅಳತೆ) ಎಷ್ಟು ಎಂಬ ಮೂರು ಅಂಶಗಳು ವರದಿಯಲ್ಲಿರಬೇಕು. ಸೂಚ್ಯಂಕ ಶೇ 50ಕ್ಕಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 100 ದಾಟಿದರೆ ಹೆಚ್ಚು ಎಂದು ಸ್ಥೂಲವಾಗಿ ತಿಳಿಯಬಹುದು. ಬಂಡೆ ಆರೇಳು ಅಡಿಗೇ ಸಿಗುವ ಕಡೆ, ದುಬಾರಿ ಕೊಳವೆಗಳ ಬದಲು ತುಂಡುತುಂಡಾಗಿ ಅಗೆದು ಬಂಡೆಯವರೆಗೆ ಕಾಂಕ್ರೀಟ್ ಇಳಿಸುವುದೇ ಸಾಕಾಗುತ್ತದೆ. ವರದಿ ಕೇಳದೆ, ಮನೆಯ ಚದರ ಅಡಿ ಮಾತ್ರ ಕೇಳಿ ದರ ಹೇಳುವ ಗುತ್ತಿಗೆದಾರನಿಗೆ ಈ ವ್ಯತ್ಯಾಸ ಬೇಕಾಗಿಲ್ಲ. ಎಷ್ಟು ಮಿ.ಮೀ. ಎತ್ತಲಾಗುವುದು, ಯಾವ ಗುರುತಿನಿಂದ ಅಳೆಯಲಾಗುವುದು, ಎಷ್ಟು ಕಾಲದ ನಂತರ ಮತ್ತೆ ಅಳೆಯಲಾಗುವುದು ಎಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳಬೇಕು.

ಎತ್ತುವ ದಿನ ನೀರು, ಒಳಚರಂಡಿ ಮತ್ತು ಗ್ಯಾಸ್ ಪೈಪುಗಳನ್ನು ಬಿಚ್ಚಿಡುವುದು, ಆಮೇಲೆ ತುಸು ಬಾಗುವ ಜೋಡಣೆಗಳಿಂದ ಮತ್ತೆ ಕೂಡಿಸುವುದು ಕಡ್ಡಾಯ; ಎತ್ತುವಾಗ ಬಿರಿದ ಬಚ್ಚಲ ಪೈಪು ಹೊಸ ಪಾಯದ ಬುಡಕ್ಕೆ ನೀರು ಬಿಡುತ್ತಿದ್ದರೆ ಮಾಡಿದ್ದೆಲ್ಲ ವ್ಯರ್ಥ. ಬಿರುಕುಗಳನ್ನು ಕೂಡಲೇ ತುಂಬಿ ಬಣ್ಣ ಹಚ್ಚಿಸುವ ಆತುರ ಬೇಡ. ಒಂದು ಮುಂಗಾರು, ಒಂದು ಹಿಂಗಾರು, ಒಂದು ಬೇಸಿಗೆ ಕಳೆಯುವವರೆಗೆ ಮೊಳೆಗಳ ನಡುವಿನ ಅಳತೆಯನ್ನು ಬರೆಯುತ್ತ ಹೋಗಿ, ಅಳತೆ ಬದಲಾಗದಿದ್ದರೆ ಆಗ ಪ್ಲಾಸ್ಟರ್ ಮಾಡಿಸಬೇಕು. ಹೆರೆದು ಸಣ್ಣ ಮಾಡಿದ ಬಾಗಿಲುಗಳನ್ನು ಬದಲಿಸುವುದೂ ಆಗಲೇ.